ಹಗೇವಿನ ಬಾಯಲ್ಲಿ ಕೂತವರು

ಈ ಊರಿಗೆ ಬಂದ ಮೇಲೆ ನಾನು ಮೊದಲು ಗುರುತು ಹಿಡಿಯಲು ಕಲಿತದ್ದು ಜನರ ಮುಖಗಳನ್ನಲ್ಲ, ಕಾಲುಗಳನ್ನು. ನಮ್ಮ ಮನೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಗೋಡೆಯ ನೆತ್ತಿಯಲ್ಲಿ, ಮೊಳದುದ್ದದ್ದು. ಅದರ ಹೊರಗಿನ ಅಂಚಿಗೇ ಹುಲ್ಲು ಬೆಳೆದಿತ್ತು. ಹೊರಗೆ ಯಾರಾದರೂ ನಡೆದರೆ ಒಳಗಿದ್ದ ನನಗೆ ಬೂಟು ಮತ್ತು ಒಂದಿಷ್ಟು ಕಣಕಾಲು ಕಾಣುತ್ತಿತ್ತು. ಅಂಚೆಯವನ ಕಾಲು, ಕಸದ ಗಾಡಿಯವನ ಕಾಲು, ಪಕ್ಕದ ಮನೆಯ ನಾಯಿಯ ನಾಲ್ಕು ಕಾಲು. ಗಂಡಸರ ಹಿಮದ ಬೂಟಿನೊಳಗೆ ಹೂವಿನ ಸಲ್ವಾರ್ ತುರುಕಿಕೊಂಡು ದಿನಕ್ಕೆ ಹತ್ತು ಸಲ ಓಡಾಡುವ ಎರಡು ಕಾಲುಗಳೂ ಇದ್ದವು. ಅವು ಮನೆಯೊಡತಿಯವು ಎಂದು ಆಮೇಲೆ ತಿಳಿಯಿತು.

ಗೋಕಾಕದ ಹತ್ತಿರದ ಕೊಣ್ಣೂರಿನಲ್ಲಿ ನಾನು ಬೆಳೆದ ಮನೆಯ ಕಟ್ಟೆ ಬೀದಿಗಿಂತ ಮೂರು ಮೆಟ್ಟಿಲು ಮೇಲಿದೆ. ಅಲ್ಲಿ ಕೂತು ಹೋಗುವವರು ಬರುವವರನ್ನೆಲ್ಲ ಮೇಲಿನಿಂದ ಮಾತಾಡಿಸಿ ಕಳಿಸಿದವಳು ನಾನು. ಕೆನಡಾದ ಬ್ರಾಂಪ್ಟನ್ನಿಗೆ ಬಂದು ಬೇಸ್‌ಮೆಂಟ್ ಮನೆ ಸೇರಿದೆ. ಬೇಸ್‌ಮೆಂಟ್ ಅಂದರೆ ಮನೆಯ ಅಡಿಯಲ್ಲಿ ನೆಲ ಅಗೆದು ಕಟ್ಟಿದ ಅಂತಸ್ತು. ಇಲ್ಲಿ ಮಾಲೀಕರು ಮೇಲೆ, ಹೊಸದಾಗಿ ಬಂದವರು ಕೆಳಗೆ. ಮೊದಲ ದಿನ ವಿಡಿಯೋ ಕಾಲಿನಲ್ಲಿ ಅವ್ವನಿಗೆ ಮನೆಯೆಲ್ಲ ತೋರಿಸಿದೆ. ಅವಳು ಎಲ್ಲ ನೋಡಿ, ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳಿದಳು:

"ಅಲ್ಲವಾ ಶೈಲಾ, ರೊಕ್ಕಾ ಕೊಟ್ಟು ಯಾರರೆ ಹಗೇವಿನಾಗ ಇರ್ತಾರೇನು?"

ಹಗೇವು ನೋಡಿರದವರಿಗೆ ಹೇಳಬೇಕು. ಜೋಳ ಕೂಡಿಡಲು ನೆಲದೊಳಗೆ ತೆಗೆದ ದೊಡ್ಡ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಮಾತ್ರ ಅಗಲ. ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಮಮದಾಪುರದಲ್ಲಿ ನನ್ನ ಆಯಿಯ, ಅಂದರೆ ಅವ್ವನ ತಾಯಿಯ ಮನೆಯ ಮುಂದೆ ಅಂಥದ್ದೊಂದು ಇತ್ತು. ಅವ್ವನ ಮಾತಿಗೆ ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾಲ್ಕು ತಿಂಗಳ ಬಸುರಿ, ನಗು ಆಗ ಇನ್ನೂ ಸುಲಭವಾಗಿತ್ತು.

ನನ್ನ ಗಂಡ ಬಸವರಾಜ ಹುಕ್ಕೇರಿ ಕಡೆಯವರು. ಕಬ್ಬಿನ ಟ್ರ್ಯಾಕ್ಟರಿನಿಂದ ಶುರು ಮಾಡಿ, ಲಾರಿ ಹತ್ತಿ, ದುಬೈಯಲ್ಲಿ ಆರು ವರ್ಷ ಟ್ರೇಲರ್ ಓಡಿಸಿ ಕೆನಡಾ ಮುಟ್ಟಿದವರು. ಇಲ್ಲಿಯ ಟ್ರಕ್ಕುಗಳು ನಮ್ಮ ಗೋಕಾಕದ ಬಸ್ ಸ್ಟ್ಯಾಂಡಿನೊಳಗೆ ತಿರುಗಲಾರವು, ಅಷ್ಟುದ್ದ. ಸೋಮವಾರ ಹೊರಟರೆ ಶನಿವಾರ ಬರುತ್ತಿದ್ದರು. ಅವರ ಧಣಿ ಸಿಖ್ಖರು, ಜೊತೆಯ ಡ್ರೈವರುಗಳು ಸಿಖ್ಖರು, ಓಣಿಯ ಕಿರಾಣಿ ಅಂಗಡಿಯಿಂದ ಹಲ್ಲಿನ ಡಾಕ್ಟರರ ತನಕ ಎಲ್ಲ ಪಂಜಾಬಿ. ಇಂಗ್ಲಿಷ್ ಬಾರದಿದ್ದರೆ ಹೇಗೆ ಎಂದು ಹೆದರಿಕೊಂಡು ಬಂದವಳಿಗೆ ಇಲ್ಲಿ ಪಂಜಾಬಿ ಬಾರದ್ದೇ ಕಷ್ಟವಾಯಿತು.

ಜೋಳದ ಹಿಟ್ಟು ಸಿಕ್ಕಿದ್ದು ಮೂರನೆಯ ವಾರ. ತಂದ ದಿನವೇ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತೆ. ನಮ್ಮ ಕಡೆ ರೊಟ್ಟಿ ಬಡಿಯುವ ಸದ್ದು ಮನೆಮನೆಯಿಂದ ಬರುತ್ತದೆ, ಯಾರೂ ಕಿವಿಗೊಡುವುದಿಲ್ಲ. ಇಲ್ಲಿ ಕಟ್ಟಿಗೆಯ ಮನೆ, ಕೆಳಗಿನ ಸದ್ದೆಲ್ಲ ಮೇಲೆ ಗುಡುಗುತ್ತದೆ. ಮೂರನೆಯ ರೊಟ್ಟಿಗೆ ಒಳಮೆಟ್ಟಿಲಿನ ಬಾಗಿಲು ಧಡ್ಡನೆ ತೆರೆಯಿತು. ಹೂವಿನ ಸಲ್ವಾರಿನ ಕಾಲುಗಳ ಮೇಲೆ ಮೊದಲ ಸಲ ಒಂದು ಮುಖ ಕಂಡಿತು. ಎಪ್ಪತ್ತರ ಹತ್ತಿರದ ಹೆಂಗಸು, ಬಿಳಿ ಜಡೆ, ಕೈಯಲ್ಲಿ ಲಟ್ಟಣಿಗೆ. ಬಸವರಾಜರು ನನ್ನನ್ನು ಹೊಡೆಯುತ್ತಿದ್ದಾರೆಂದು ತಿಳಿದು ಬಿಡಿಸಲು ಬಂದಿದ್ದರು. ಪಾಪ, ಬಸವರಾಜರು ಮೂಲೆಯಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು.

ಅವರು ಸುರ್ಜೀತ್ ಕೌರ್. ಎಲ್ಲರಿಗೂ ಬೀಜಿ. ಪಂಜಾಬಿಯಲ್ಲಿ ತಾಯಿಯನ್ನು, ತಾಯಿಯಂಥವರನ್ನು ಹಾಗೆ ಕರೆಯುತ್ತಾರೆ. ಆ ದಿನ ಲಟ್ಟಣಿಗೆ ಕೆಳಗಿಟ್ಟು ಎರಡು ರೊಟ್ಟಿ, ಶೇಂಗಾ ಚಟ್ನಿ ತಿಂದೇ ಮೇಲೆ ಹೋದರು. ಅವರೂ ಹಳ್ಳಿಯಲ್ಲಿ ಗೋವಿನಜೋಳದ ರೊಟ್ಟಿಯನ್ನು ಕೈಯಲ್ಲೇ ತಟ್ಟಿ ಬೆಳೆದವರು. ನನ್ನದು ಗೋಕಾಕದ ಹಿಂದಿ, ಅವರದು ಪಂಜಾಬಿ ಬೆರೆಸಿದ ಹಿಂದಿ. ಆದರೂ ಅವರ ಮಾತು ನನ್ನ ತಲೆಯಲ್ಲಿ ನಮ್ಮ ಕಡೆಯ ಕನ್ನಡವಾಗಿಯೇ ಉಳಿದಿದೆ, ಹಾಗಾಗಿ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕಲಿಯಬೇಕಾದ ಮೊದಲ ಪಂಜಾಬಿ ಪಾಠ ಕುಶಲೋಪರಿಯದು. ಹೇಗಿದ್ದೀರಿ ಎಂದು ಕೇಳಿದರೆ ಇಲ್ಲಿ ಹಿರಿಯರು "ಚಡ್‌ದೀ ಕಲಾ" ಎನ್ನುತ್ತಾರೆ. ಏನೇ ಬಂದರೂ ಮನಸ್ಸು ಕುಗ್ಗದೆ ಏರುತ್ತಲೇ ಇರಬೇಕು ಎಂಬುದು ಅದರ ಅರ್ಥ, ಅವರ ಧರ್ಮದ ದೊಡ್ಡ ಮಾತು. ನಮ್ಮಲ್ಲಿ "ಆರಾಮ ಅದೀರಿ?" ಎಂದರೆ "ಆರಾಮ ಅದೇವ್ರಿ" ಎನ್ನುವ ಹಾಗೆ. ಜ್ವರದಲ್ಲಿ ಮಲಗಿದವರೂ ಮೊದಲು ಆರಾಮ ಅಂದು, ಆಮೇಲೆ ಜ್ವರದ ಸುದ್ದಿ ಎತ್ತುತ್ತಾರೆ. ಜ್ವರಕ್ಕಾದರೆ ಆ ಎರಡನೆಯ ಮಾತು ಇದೆ. ಮನಸ್ಸು ಮಲಗಿದರೆ ಮೊದಲ ಮಾತಿಗೇ ಮುಗಿಯಿತು, ಅಲ್ಲಿಯೂ ಇಲ್ಲಿಯೂ.

ಹೆರಿಗೆಯಾದದ್ದು ಹಿಮ ಶುರುವಾದ ವಾರ. ಹೆಣ್ಣು ಕೂಸು, ನೀಲಾ ಎಂದು ಹೆಸರಿಟ್ಟೆವು. ಕೊಣ್ಣೂರಿನಲ್ಲಾಗಿದ್ದರೆ ಬಾಣಂತಿಯೆಂದು ಕತ್ತಲಕೋಣೆ, ಕುದಿವ ನೀರಿನ ಎರೆತ, ಕೆಂಡದ ಕಾವು, ಕಿವಿಗೆ ಹತ್ತಿ, ಬಾಯಿಗೆ ಅಂಟಿನುಂಡೆ. ಬಂದ ಹೆಂಗಸರೆಲ್ಲ ಕೂಸನ್ನು ಎತ್ತಿಕೊಂಡು ಹೋದರೆ ಬಾಣಂತಿಗೆ ಮಲಗುವುದೇ ಕೆಲಸ. ಇಲ್ಲಿ ಕತ್ತಲಕೋಣೆ ಒಂದು ಪುಕ್ಕಟೆ ಸಿಕ್ಕಿತ್ತು, ಉಳಿದದ್ದು ಏನೂ ಇರಲಿಲ್ಲ. ಅವ್ವನಿಗೆ ವೀಸಾ ಆಗಲಿಲ್ಲ. ಮೂಡಲಗಿಯ ಮಾಮಾ ಯಾರೋ ಬರುವವರ ಕೈಯಲ್ಲಿ ಗೋಕಾಕದ ಕರದಂಟು ಕಳಿಸಿದರು. ಅದೇ ವಾರ ಬೀಜಿ ಮೇಲಿನಿಂದ ಪಂಜೀರಿ ತಂದರು. ಗೋದಿಹಿಟ್ಟು, ತುಪ್ಪ, ಬಾದಾಮಿ, ಕರಿದ ಅಂಟು. ಅವರ ಬಾಣಂತಿಯರಿಗೂ ಅಂಟೇ. ಎರಡು ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟೆ. ಎರಡನ್ನೂ ಮುಟ್ಟಲಿಲ್ಲ.

ಏನಾಗಿತ್ತು ಎಂದು ಈಗ ಹೇಳಬಲ್ಲೆ, ಆಗ ಹೇಳಲು ಬರುತ್ತಿರಲಿಲ್ಲ. ಕೂಸು ಅತ್ತರೆ ಅದು ಬೇರೆ ಯಾರದೋ ಮನೆಯಲ್ಲಿ ಅತ್ತಂತೆ ಕೇಳುತ್ತಿತ್ತು. ಹಾಲು ಕುಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ಎಲ್ಲ ಕೈಗಳ ಕೆಲಸ. ಮುಖ ನೋಡಿದರೆ ಎದೆಯಲ್ಲಿ ಏನೂ ಏಳುತ್ತಿರಲಿಲ್ಲ. ಜೋಳಿಗೆಯಷ್ಟು ಕನಸು ಕಟ್ಟಿಕೊಂಡು ಹೆತ್ತ ಮಗಳ ಮೇಲೆ ಪ್ರೀತಿ ಬರಲಿಲ್ಲ ಎಂದು ಯಾವ ತಾಯಿ ಯಾರ ಮುಂದೆ ಹೇಳಿಯಾಳು? ನಾನು ಕೆಟ್ಟವಳು, ಇದು ಯಾರಿಗಾದರೂ ಗೊತ್ತಾದರೆ ಕೂಸನ್ನು ಕಸಿದುಕೊಂಡು ಹೋಗುತ್ತಾರೆ ಎಂಬ ಭಯ ಒಂದು ಕಡೆ. ಕಸಿದುಕೊಂಡು ಹೋದರೆ ಅದಕ್ಕಾದರೂ ಒಳ್ಳೆಯದಾದೀತು ಎಂಬ ಯೋಚನೆ ಇನ್ನೊಂದು ಕಡೆ. ಅವ್ವ ಫೋನಿನಲ್ಲಿ "ಆರಾಮ ಅದಿಯಲಾ?" ಎಂದು ಕೇಳುತ್ತಿದ್ದಳು. ನಾನು ತಲೆ ಬಾಚಿ, ಕುಂಕುಮ ಹಚ್ಚಿ, ದೀಪದ ಕೆಳಗೆ ಕೂತು "ಆರಾಮ ಅದೇನಿ ಬೇ" ಎನ್ನುತ್ತಿದ್ದೆ.

ಆ ಹೊತ್ತಿನಲ್ಲಿ ಒಂದು ತಪ್ಪು ಮಾಡಿದೆ. ನೆನೆದರೆ ಈಗ ನಗು ಬರುತ್ತದೆ, ಬೆನ್ನಲ್ಲೇ ಚಳಿಯೂ. ಇಲ್ಲಿ ಹೆರಿಗೆಯಾದ ಮೇಲೆ ಸರ್ಕಾರದ ನರ್ಸಮ್ಮ ಮನೆಗೆ ಬಂದು ಒಂದು ಹಾಳೆ ಕೊಡುತ್ತಾಳೆ. ನಿದ್ದೆ ಹೇಗಿದೆ, ಅಳು ಬರುತ್ತದೆಯೇ, ಹೆದರಿಕೆಯಾಗುತ್ತದೆಯೇ ಎಂದೆಲ್ಲ ಪ್ರಶ್ನೆ. ಉತ್ತರಕ್ಕೆ ಗುರುತು ಹಾಕಬೇಕು. ನಾನು ಸಾಲಿ ಮಾಸ್ತರರ ಮಗಳು. ಹಾಳೆ, ಪೆನ್ನು ಮುಂದೆ ಬಂದರೆ ನನಗೆ ಅದು ಪರೀಕ್ಷೆಯೇ. ಪ್ರಶ್ನೆ ಓದಿದ ಕೂಡಲೇ ಯಾವ ಉತ್ತರ ಸರಿ ಎಂದು ಗೊತ್ತಾಗಿ ಹೋಯಿತು. ಚಂದ ನಿದ್ದೆ, ಅಳು ಇಲ್ಲ, ಹೆದರಿಕೆ ಇಲ್ಲ. ಒಂದೂ ತಪ್ಪಿಲ್ಲದೆ ಬರೆದುಕೊಟ್ಟೆ. ಆಕೆ ನೋಡಿ ಬಹಳ ಸಂತೋಷಪಟ್ಟು ಹೋದಳು. ಬಾಗಿಲು ಹಾಕಿಕೊಂಡ ಮೇಲೆ ಅಲ್ಲೇ ನೆಲಕ್ಕೆ ಕೂತು ಅತ್ತೆ.

ಜನವರಿಯ ಒಂದು ಬುಧವಾರ ಬೆಳಿಗ್ಗೆ ಬಸವರಾಜರು ಎರಡು ದಿನದ ದಾರಿಯಾಚೆ ಇದ್ದರು. ಹಿಮ ಕಿಟಕಿಯನ್ನು ಪೂರ್ತಿ ಮುಚ್ಚಿತ್ತು, ಕಾಲುಗಳೂ ಕಾಣುತ್ತಿರಲಿಲ್ಲ. ನೀಲಾ ತೊಟ್ಟಿಲಲ್ಲಿ ಅಳುತ್ತಿದ್ದಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಏಳಬೇಕು ಎಂದು ಗೊತ್ತಿತ್ತು, ಕಾಲು ಏಳಲಿಲ್ಲ. ನಾನು ಇಲ್ಲದೇ ಹೋದರೆ ಎಲ್ಲರಿಗೂ ಹಗುರ ಎಂಬ ಮಾತು ತಲೆಯೊಳಗೆ ತಣ್ಣಗೆ, ಯಾರೋ ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು. ಅದಕ್ಕೆ ನಾನು ಹೆದರಲಿಲ್ಲ. ಹೆದರಲಿಲ್ಲವಲ್ಲ ಎಂಬುದಕ್ಕೆ ಹೆದರಿದೆ.

ಒಳಬಾಗಿಲು ತೆರೆದ ಸದ್ದಾಯಿತು. ಬೀಜಿ ನನ್ನ ಕಡೆ ಬರಲಿಲ್ಲ, ಮೊದಲು ತೊಟ್ಟಿಲಿಗೆ ಹೋಗಿ ಕೂಸನ್ನು ಎತ್ತಿಕೊಂಡರು. ಹೆಗಲಿಗೆ ಹಾಕಿ ತಟ್ಟುತ್ತಾ ಬಂದು ನನ್ನೆದುರು, ಆ ನೋಯುವ ಮೊಣಕಾಲಿನಲ್ಲಿ, ಗೋಡೆ ಹಿಡಿದು ನೆಲಕ್ಕೇ ಕೂತರು.

"ಏನಾತು, ಪುತ್ತ್?" ಎಂದರು. ಪುತ್ತ್ ಅಂದರೆ ಮಗು. ಗಂಡು ಹೆಣ್ಣು ಇಬ್ಬರಿಗೂ ಅದೇ.

"ಆರಾಮ ಅದೇನ್ರಿ ಬೀಜಿ."

"ಸುಳ್ಳ ಹೇಳಬ್ಯಾಡ. ಕೂಸು ಒಂದ ತಾಸಿನಿಂದ ಅಳಾಕತ್ತೈತಿ, ನಾ ಮ್ಯಾಲ ಕುಂತ ಕೇಳಾಕತ್ತೇನಿ. ಮಂದಿ ಮನಿ ಉಸಾಬರಿ ನನಗ್ಯಾಕ ಅಂತ ತಡದೆ. ಇನ್ನೊಮ್ಮೆ ತಡಿಯೂದಿಲ್ಲ."

ಅವರು ಕೂಸಿನ ಬೆನ್ನು ತಟ್ಟುತ್ತಲೇ ಕೋಣೆಯನ್ನೊಮ್ಮೆ ನೋಡಿದರು.

"ಈ ಖೋಲಿ ನನ್ನ ಮಗಂದು. ಜಸ್‌ಬೀರ ಅಂತ. ಅವನೂ ಟ್ರಕ್ ಹೊಡಿತಿದ್ದ. ಹ್ಯಾಂಗ ಅದಿಯಪಾ ಅಂತ ಮ್ಯಾಲಿಂದ ಕೇಳಿದರ, ಚಡ್‌ದೀ ಕಲಾ ಬೀಜಿ ಅಂತಿದ್ದ. ದಿನಾ ಕೇಳತಿದ್ದೆ, ದಿನಾ ಅಂತಿದ್ದ. ಒಂದ ದಿನಾನೂ ಕೆಳಗ ಇಳದು ಮಾರಿ ನೋಡಲಿಲ್ಲ ನಾ. ಒಂದ ದಿನ ಮನಿ ಬಿಟ್ಟ ಹೋದಾವ ತಿರುಗಿ ಬರಲಿಲ್ಲ. ತನ್ನ ಜೀವಾ ತಾನ ಕಳಕೊಂಡ."

ಮೇಲಿನ ಮನೆಯ ಗೋಡೆಯಲ್ಲಿ ಅವನ ಫೋಟೋ ನೋಡಿದ್ದೆ. ಹೃದಯಾಘಾತ ಎಂದು ಬಸವರಾಜರ ಜೊತೆಯವರು ಹೇಳಿದ್ದರು.

"ಎಲ್ಲಾರಿಗೂ ಹಾರ್ಟ್ ಫೇಲ್ ಅಂತ ಹೇಳೇವಿ," ಎಂದರು ಬೀಜಿ. "ಲೋಕ್ ಕೀ ಕಹಣ್‌ಗೇ. ಮಂದಿ ಏನಂದಾರು. ಒಂಬತ್ತ ವರ್ಷ ಆತು, ಗುರುದ್ವಾರದಾಗೂ ಖರೆ ಹೇಳಿಲ್ಲ. ನಿನಗ ಹೇಳಾಕತ್ತೇನಿ. ಈಗ ನೀ ಖರೆ ಹೇಳು."

ಹೇಳಿದೆ. ಕೂಸಿನ ಮೇಲೆ ಪ್ರೀತಿ ಬಂದಿಲ್ಲ ಎಂಬುದರಿಂದ ಶುರುಮಾಡಿ ತಲೆಯೊಳಗಿನ ಆ ತಣ್ಣನೆಯ ಮಾತಿನವರೆಗೂ ಹೇಳಿದೆ. ಅರ್ಧ ಹಿಂದಿಯಲ್ಲಿ, ಬಾರದಿದ್ದ ಕಡೆ ಕನ್ನಡದಲ್ಲಿ. ನರ್ಸಮ್ಮನ ಹಾಳೆಯ ವಿಷಯ ಹೇಳಿದಾಗ ಅವರು ಕಣ್ಣೊರೆಸಿಕೊಳ್ಳುತ್ತಿದ್ದವರು ತಡೆಯಲಾರದೆ ನಕ್ಕುಬಿಟ್ಟರು. "ಏಳು, ಡಾಕ್ಟರ ಕಡೆ ಹೋಗೂಣು. ಈ ಸಲ ಪರೀಕ್ಷಾದಾಗ ನಪಾಸ ಆಗು," ಎಂದರು. ಅದೇ ಬೆಳಿಗ್ಗೆ ಕೂಸನ್ನು ತಮ್ಮ ಶಾಲಿನಲ್ಲಿ ಸುತ್ತಿ, ನನಗೆ ತಮ್ಮ ಕೋಟು ಹಾಕಿ ಕರೆದುಕೊಂಡು ಹೋದರು. ಹಾಳೆ ಮತ್ತೆ ಬಂತು. ಚೆನ್ನಾಗಿ ನಪಾಸಾದೆ.

ಹೆರಿಗೆಯ ಮೇಲೆ ಬರುವ ಖಿನ್ನತೆ, ನಿಮ್ಮ ತಪ್ಪಲ್ಲ, ವಾಸಿಯಾಗುತ್ತದೆ ಎಂದರು ಡಾಕ್ಟರು. ಕೂಸನ್ನು ಯಾರೂ ಕಸಿದುಕೊಳ್ಳಲಿಲ್ಲ. ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಮಾತಾಡಿಸುವವರ ಹತ್ತಿರ ಕಳಿಸಿದರು. ಬಸವರಾಜರಿಗೆ ಫೋನಿನಲ್ಲಿ ಹೇಳಿದಾಗ ಅತ್ತಲಿಂದ ಬಹಳ ಹೊತ್ತು ಗಾಡಿಯ ಸದ್ದು ಮಾತ್ರ ಬಂತು. ಆಮೇಲೆ ಅದೂ ನಿಂತಿತು. ಗಾಡಿ ಬದಿಗೆ ಹಾಕಿದ್ದರು. "ದುಬೈದಾಗ ನನಗೂ ಹಿಂಗ ಆಗಿತ್ತು, ಶೈಲಾ. ಎರಡ ತಿಂಗಳ ಅತಗೋಂತ ಗಾಡಿ ಹೊಡದೇನಿ. ಯಾರಿಗೂ ಹೇಳಿಲ್ಲ," ಎಂದರು. ಆ ಮಾತು ಕೇಳಿ ಅವರು ಮೊದಲಿಗಿಂತ ಹತ್ತಿರದವರು ಅನ್ನಿಸಿತು. ಆದರೆ ಮರುಕ್ಷಣವೇ "ಹುಕ್ಕೇರಿಗೆ, ಕೊಣ್ಣೂರಿಗೆ ಮಾತ್ರ ಸುದ್ದಿ ಮುಟ್ಟೂದು ಬ್ಯಾಡ" ಎಂದೂ ಸೇರಿಸಿದರು. ನಾನೂ ಒಪ್ಪಿದೆ.

ಮಾತ್ರೆ ಎರಡು ದಿನದಲ್ಲಿ ಕೆಲಸ ಮಾಡುವಂಥದ್ದಲ್ಲ. ಬೆಳಗಿನ ಹೊತ್ತು ಬಹಳ ಕಷ್ಟ, ಕಣ್ಣು ಬಿಟ್ಟ ಕೂಡಲೇ ಎದೆಯ ಮೇಲೆ ಚೀಲ ಇಟ್ಟಂತೆ. ಒಂದು ದಿನ ಚಹಾ ಕುಡಿಯುತ್ತಾ ಬೀಜಿಗೆ ಹಗೇವಿನ ಕಥೆ ಹೇಳಿದೆ. ಹಗೇವು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ, ಒಳಗಿನ ಗಾಳಿ ಕೆಟ್ಟಿರುತ್ತದೆ. ಕಲ್ಲು ಸರಿಸಿ ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಇಳಿಯುವಂತಿಲ್ಲ. ಇಳಿಯುವವನ ನಡುವಿಗೆ ಹಗ್ಗ. ಮೇಲೆ ಬಾಯಲ್ಲಿ ನನ್ನ ಆಯಿ ಹಗ್ಗ ಹಿಡಿದು ಕೂತಿರುತ್ತಿದ್ದಳು. ಕೂತವಳು ಬಾಯಿ ಮುಚ್ಚುವಂತಿಲ್ಲ, ಏನಾದರೂ ಮಾತಾಡುತ್ತಲೇ ಇರಬೇಕು. ಕೆಳಗಿನವನು ಒಂದೊಂದಕ್ಕೂ "ಹೂಂ" ಎನ್ನಬೇಕು. ಎಷ್ಟು ಜೋಳ ಬಂತೆಂದು ಅವಳು ಕೇಳುತ್ತಿರಲಿಲ್ಲ. ಸುಮ್ಮನೆ ಊರ ಸುದ್ದಿ, ಯಾರ ಎಮ್ಮೆ ಈಯಿತು, ಯಾರ ಮಗಳು ಬಂದಳು. ಹೂಂ ನಿಂತರೆ ಹಗ್ಗ ಎಳೆಯಬೇಕು, ಕೇಳುತ್ತಾ ಕೂಡಬಾರದು.

ಬೀಜಿ ಲೋಟ ಕೆಳಗಿಟ್ಟರು. "ನಮ್ಮಲ್ಲೂ ಐತಿ. ಹುಂಗಾರಾ ಅಂತೇವಿ. ಅಜ್ಜಿ ಕಥಿ ಹೇಳಬೇಕಾದರ ಹುಡುಗರು ಹೂಂ ಅಂತಿರಬೇಕು. ಹುಂಗಾರಾ ನಿಂತರ ಕಥಿನೂ ನಿಂತು," ಎಂದರು. ಲೋಟ ಮತ್ತೆ ಎತ್ತಿಕೊಂಡು, "ಹಗ್ಗಾ ಹಿಡದಾಕಿ ಮಾತ್ರ ನಮ್ಮ ಮನ್ಯಾಗ ಇರಲಿಲ್ಲ," ಎಂದರು.

ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟು ಮಲಗಿದ್ದೆ. ತಲೆಯ ಮೇಲಿನ ಸೂರಿನಲ್ಲಿ ಧಡ್ ಧಡ್ ಎಂದು ಎರಡು ಸಲ ಸದ್ದಾಯಿತು. ಲಟ್ಟಣಿಗೆಯಿಂದ ನೆಲ ಗುದ್ದಿದ ಸದ್ದು. ಮೊದಲು ತಿಳಿಯಲಿಲ್ಲ. ಮತ್ತೆ ಎರಡು ಸಲ, ಸ್ವಲ್ಪ ಸಿಟ್ಟಿನಿಂದ. ತಿಳಿಯಿತು. ಎದ್ದು, ಕಸಬರಿಗೆಯ ಹಿಡಿ ಮೇಲೆ ಮಾಡಿ ಸೂರಿಗೆ ಎರಡು ಸಲ ತಿವಿದೆ. ಮೇಲೆ ಹೆಜ್ಜೆ ಸರಿದು ಅಡುಗೆಮನೆಯ ಕಡೆ ಹೋಯಿತು.

ಅಂದಿನಿಂದ ಅದೇ ಪದ್ಧತಿ. ದಿನಾ ಬೆಳಿಗ್ಗೆ ಎರಡು ಗುದ್ದು, ಎರಡು ಉತ್ತರ. ಹೇಗಿದ್ದೀ ಎಂಬ ಪ್ರಶ್ನೆಯಿಲ್ಲ, ಆರಾಮ ಎಂಬ ಸುಳ್ಳಿಲ್ಲ. ಎರಡನೆಯ ಸಲಕ್ಕೂ ಉತ್ತರ ಬರದಿದ್ದರೆ ಅವರು ಇಳಿದು ಬರುತ್ತಿದ್ದರು. ಮೊದಲ ತಿಂಗಳಲ್ಲಿ ಬಹಳ ಸಲ ಬಂದರು, ಆ ಮೊಣಕಾಲು ಹಿಡಿದುಕೊಂಡು, ನನಗೆ ಬೈಯುತ್ತಾ. ಬಂದು ಚಹಾ ಕಾಸುತ್ತಿದ್ದರು, ಕೂಸನ್ನು ಎತ್ತಿಕೊಳ್ಳುತ್ತಿದ್ದರು, ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಮಾರ್ಚಿನ ಹೊತ್ತಿಗೆ ಕಿಟಕಿಯ ಹಿಮ ಕರಗಿ ಮತ್ತೆ ಕಾಲುಗಳು ಕಂಡವು. ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಗುದ್ದು ಬಿದ್ದಾಗ ನೀಲಾ ಸೂರು ನೋಡಿ ಬಾಯಗಲಿಸಿ ನಕ್ಕಳು. ನನಗೂ ನಗು ಬಂತು. ನರ್ಸಮ್ಮನ ಹಾಳೆಗೆ ಬರೆದ ಉತ್ತರದಂಥ ಸುಳ್ಳು ನಗುವಲ್ಲ ಅದು. ಕೂಸನ್ನು ಎದೆಗೆ ಒತ್ತಿಕೊಂಡೆ. ಇವಳು ನನ್ನವಳು ಎಂದು ಅವತ್ತು ಅನ್ನಿಸಿತು, ನಾಲ್ಕು ತಿಂಗಳು ತಡವಾಗಿ.

ಗುರುದ್ವಾರದ ಮಹಡಿಯ ಕೋಣೆಯಲ್ಲಿ ತಿಂಗಳಿಗೊಂದು ಶನಿವಾರ ಹೆಂಗಸರು ಸೇರುತ್ತಾರೆ. ಮನಸ್ಸಿನ ಕಷ್ಟಗಳ ಬಗ್ಗೆ ಮಾತಾಡಲು ಮಾಡಿದ ಕೂಟ ಅದು. ಆದರೆ ಹಾಗೆಂದು ಬರೆದರೆ ಯಾರೂ ಬರುವುದಿಲ್ಲವೆಂದು ಬಾಗಿಲ ಮೇಲೆ "ಶುಗರ್, ಬಿ.ಪಿ. ಮಾಹಿತಿ" ಎಂದು ಬರೆದಿದ್ದಾರೆ. ನಮ್ಮ ಕಡೆಯಾದರೂ ಹೀಗೇ ಬರೆಯುತ್ತಿದ್ದರು. ಕೆಳಗೆ ಲಂಗರ್, ಎಂದರೆ ಬಂದವರಿಗೆಲ್ಲ ಊಟ, ನಮ್ಮ ಮಠಗಳ ದಾಸೋಹದ ಹಾಗೆ. ಮೇಲೆ ತಲೆಗೆ ದುಪಟ್ಟಾ ಹೊದ್ದ ಹದಿನೈದಿಪ್ಪತ್ತು ಹೆಂಗಸರು. ನಾನು ಸೀರೆಯ ಸೆರಗು ಹೊದ್ದು ಬೀಜಿಯ ಪಕ್ಕ ಕೂತೆ. ನಡೆಸಿಕೊಡುವ ಹುಡುಗಿ ಮೊದಲು ಶುಗರ್ ಬಗ್ಗೆ ಎರಡು ಮಾತಾಡಿದಳು, ಬರೆದದ್ದು ಸುಳ್ಳಾಗಬಾರದಲ್ಲ. ಆಮೇಲೆ, ಯಾರಾದರೂ ಏನಾದರೂ ಹೇಳುವುದಿದೆಯೇ ಎಂದಳು. ಯಾರಿಗೂ ಇರಲಿಲ್ಲ. ಎಲ್ಲರೂ ಚಡ್‌ದೀ ಕಲಾ.

ಬೀಜಿ ಎದ್ದು ನಿಂತರು. ಅವರ ಕೈ ನನ್ನ ಹೆಗಲ ಮೇಲಿತ್ತು. ಆ ಕೋಣೆಯಲ್ಲಿ ಅವರ ನಾದಿನಿ ಇದ್ದರು, ಬೀಗತಿ ಇದ್ದರು, ನಲವತ್ತು ವರ್ಷದಿಂದ ಬಲ್ಲವರಿದ್ದರು. ಪಂಜಾಬಿಯಲ್ಲಿ ಶುರುಮಾಡಿದರು. ನನ್ನ ಜಸ್‌ಬೀರ ಹಾರ್ಟಿನಿಂದ ಹೋದನೆಂದು ಹೇಳಿದ್ದೆವು, ಎಂದರು. ಅಷ್ಟೇ. ಮುಂದೆ ಮಾತು ಬರಲಿಲ್ಲ. ನಾದಿನಿ ದುಪಟ್ಟಾದ ಅಂಚು ಎಳೆದುಕೊಂಡು ನೆಲ ನೋಡಿದರು. ಬೀಜಿ ಇನ್ನೊಂದು ಕ್ಷಣ ಹಾಗೇ ನಿಂತರೆ ಕೂತುಬಿಡುತ್ತಾರೆ, ಕೂತರೆ ಈ ಜನ್ಮದಲ್ಲಿ ಮತ್ತೆ ಹೇಳುವುದಿಲ್ಲ ಎಂದು ನನಗೆ ಅನ್ನಿಸಿತು. ಏನು ಮಾಡಬೇಕೋ ತಿಳಿಯಲಿಲ್ಲ. ಪಂಜಾಬಿಯಲ್ಲಿ ಸಮಾಧಾನ ಹೇಳುವಷ್ಟು ಮಾತು ನನ್ನ ಹತ್ತಿರ ಇರಲಿಲ್ಲ. ಬಾಯಿಂದ ತಾನಾಗಿ ಬಂತು:

"ಹೂಂ."

ಎಲ್ಲರೂ ನನ್ನನ್ನು ನೋಡಿದರು. ಬೀಜಿ ನೋಡಲಿಲ್ಲ. ಹೆಗಲ ಮೇಲಿನ ಬೆರಳು ಬಿಗಿಯಾದವು. ಅದು ಹಾರ್ಟ್ ಅಲ್ಲ, ಎಂದರು. ನಾನು ಹೂಂ ಎಂದೆ. ಅವನೇ ಹೋದ, ಎಂದರು. ಹೂಂ. ನಾನು ಮೇಲೇ ಇದ್ದೆ, ಇಳಿಯಲಿಲ್ಲ, ಎಂದರು. ಆ ಮಾತಿಗೆ ನಾನು ತಪ್ಪಿದ ಆ ಹೂಂ ಹಿಂದಿನ ಸಾಲಿನಿಂದ ಯಾರೋ ಮುದುಕಿ ಹೇಳಿದರು. ಆಮೇಲೆ ಇನ್ನೊಬ್ಬರು. ಬೀಜಿ ಮಾತು ಮುಗಿಸುವ ಹೊತ್ತಿಗೆ ಕೋಣೆಯ ಅರ್ಧ ಹೆಂಗಸರು ಹುಂಗಾರಾ ಕೊಡುತ್ತಿದ್ದರು. ನಾದಿನಿ ಎದ್ದು ಹೊರಗೆ ಹೋದರು. ಒಂದು ವರ್ಷ ಬೀಜಿಯ ಮನೆಗೆ ಬರಲಿಲ್ಲ. ಅದಕ್ಕೆ ಬೀಜಿ ಅತ್ತರು. ಹೇಳಿದ್ದಕ್ಕೆ ಮಾತ್ರ ಪಶ್ಚಾತ್ತಾಪ ಪಡಲಿಲ್ಲ.

ಮೊನ್ನೆ, ಎರಡು ವರ್ಷದ ಮೇಲೆ, ನೀಲಾಳನ್ನು ಕರೆದುಕೊಂಡು ಕೊಣ್ಣೂರಿಗೆ ಬಂದೆ. ಬಸ್ಸು ಅಂಕಲಗಿ ದಾಟುವಾಗಲೇ ಕಣ್ಣು ತುಂಬಿ ಬಂತು. ಬೀದಿಯಲ್ಲಿ ಹತ್ತು ಮಂದಿ ಆರಾಮ ಕೇಳಿದರು, ಹತ್ತೂ ಮಂದಿಗೆ ಆರಾಮ ಹೇಳಿದೆ. ಆಕಾಶ ಎಷ್ಟು ದೊಡ್ಡದು ಎನ್ನಿಸಿತು. ಗೋಡೆ ತುಂಬ ಕಿಟಕಿ, ಕಿಟಕಿ ತುಂಬ ಮುಖಗಳು. ಆದರೂ ಬೆಳಿಗ್ಗೆ ಎಚ್ಚರವಾದರೆ ಎದ್ದು ಕೂಡಲು ಆಗುತ್ತಿರಲಿಲ್ಲ, ಏನೋ ಬರಬೇಕು ಎಂದು ಕಾಯುತ್ತಾ ಮಲಗಿರುತ್ತಿದ್ದೆ. ತವರುಮನೆಯ ಸೂರು ಏನೂ ಹೇಳುತ್ತಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದಳು. ಎದುರು ಕೂತು ಹೇಳಿಬಿಟ್ಟೆ. ಮೊದಲ ಮಾತಿಗೇ ಅವಳು ಬಾಗಿಲ ಕಡೆ ನೋಡಿದಳು.

"ಮೆಲ್ಲಕ ಮಾತಾಡ. ಬಾಜೂ ಮನಿಯವರು ಕೇಳ್ಯಾರು."

"ಕೇಳಲಿ ಬೇ."

ಪೂರ್ತಿ ಹೇಳಿದೆ. ಅವ್ವ ತಲೆಯೆತ್ತಲಿಲ್ಲ. ಸುಲಿದ ಎಸಳುಗಳನ್ನು ಸಿಪ್ಪೆಯಲ್ಲಿ ಹಾಕಿ, ಸಿಪ್ಪೆಯನ್ನು ಬಟ್ಟಲಲ್ಲಿ ಹಾಕುತ್ತಿದ್ದಳು. ನನ್ನ ಮಾತು ಮುಗಿದ ಮೇಲೆ ಕೇಳಿದಳು:

"ನೀ ಹುಟ್ಟಿದ ಮ್ಯಾಲ ಹನ್ನೊಂದ ತಿಂಗಳ ಮಮದಾಪುರದಾಗ ಆಯಿ ಕಡೆ ಯಾಕ ಇದ್ದಿ, ಗೊತ್ತೈತೇನು?"

"ನಿನಗ ಕಾಮಾಲಿ ಆಗಿತ್ತಲ್ಲ."

ಚಿಕ್ಕಂದಿನಿಂದ ಕೇಳಿದ ಮಾತು. ಅಪ್ಪ ಹೇಳಿದ್ದ, ಆಯಿ ಹೇಳಿದ್ದಳು, ಮೂಡಲಗಿ ಮಾಮಾ ಹೇಳಿದ್ದ.

"ಕಾಮಾಲಿ ಇರಲಿಲ್ಲ," ಎಂದಳು ಅವ್ವ.

ಅವಳ ಕೈಯಲ್ಲಿದ್ದ ಎಸಳು ಹಾಗೇ ಉಳಿಯಿತು. ನಾನು ಬೆಳೆದ ಮನೆಯಲ್ಲಿ, ಮೂವತ್ತು ವರ್ಷ, ಒಂದು ಸುಳ್ಳು ಕಾಮಾಲೆ ಇತ್ತು. ಅಲ್ಲಿ ಬ್ರಾಂಪ್ಟನ್ನಿನಲ್ಲಿ ಒಂದು ಸುಳ್ಳು ಹಾರ್ಟ್ ಫೇಲ್ ಇದ್ದ ಹಾಗೆ. ಗಾಳಿ ಸೋಂಕೈತಿ ಎಂದು ತಾಯತ ಕಟ್ಟಿಸಿದ್ದರಂತೆ, ಗಾಳಿ ಬಿಡಿಸಲು ಅವಳನ್ನು ಹೊಡೆಸಿದ್ದರಂತೆ, ಅವಳು ಕೂಸನ್ನು ಮುಟ್ಟಬಾರದು ಎಂದು ನನ್ನನ್ನು ಒಯ್ದಿದ್ದರಂತೆ. ಅಷ್ಟು ಹೇಳಿ ಅವ್ವ ನಿಂತುಬಿಟ್ಟಳು. ತುಟಿ ಬಿಗಿ ಹಿಡಿದು ಬಾಗಿಲ ಕಡೆ ನೋಡಿದಳು. ಅವಳ ಮೇಲೆ ಸಿಟ್ಟೂ ಬಂತು. ಫೋನಿನಲ್ಲಿ ಇದನ್ನು ಒಂದು ಸಲ ಹೇಳಿದ್ದರೆ ನಾನು ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಆದರೆ ನಾನೂ ಕುಂಕುಮ ಹಚ್ಚಿಕೊಂಡು ದೀಪದ ಕೆಳಗೆ ಕೂತವಳೇ ಅಲ್ಲವೆ?

"ಹೂಂ," ಎಂದೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಹೇಳಲು ಶುರುಮಾಡಿದಳು. ಬಿಸಿಲು ಪಡಸಾಲೆ ದಾಟಿ ಹೋಗುವ ತನಕ ಹೇಳಿದಳು, ನಾನು ಒಂದೊಂದಕ್ಕೂ ಹೂಂ ಎನ್ನುತ್ತಾ ಕೂತೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯಲು ಶುರುಮಾಡಿದಳು. ನನ್ನ ಪಕ್ಕ ಮಲಗಿದ್ದ ನೀಲಾ ಆ ಸದ್ದಿಗೆ ಧಡಕ್ಕನೆ ಎದ್ದು ಕೂತಳು. ಸುತ್ತ ನೋಡಿ, ಎರಡೂ ಅಂಗೈಯಿಂದ ನೆಲಕ್ಕೆ ಧಡ್ ಧಡ್ ಎಂದು ಎರಡು ಸಲ ಹೊಡೆದಳು. ಅಡುಗೆಮನೆಯ ಸದ್ದು ನಿಂತಿತು. ಎರಡು ಗುದ್ದಿನ ಪದ್ಧತಿಯನ್ನು ಹಿಂದಿನ ದಿನವಷ್ಟೇ ಅವ್ವನಿಗೆ ಹೇಳಿದ್ದೆ. ಸ್ವಲ್ಪ ಹೊತ್ತು ಬಿಟ್ಟು ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ಎರಡೇ ಎರಡು ಸಲ ಬಡಿದ ಸದ್ದು ಬಂತು.

ಅಜ್ಜಿ ಅಡುಗೆಮನೆಯಲ್ಲಿದ್ದಾಳೆಂದು ನೀಲಾಳಿಗೆ ಗೊತ್ತು. ಆದರೂ ಅವಳು "ಬೀಜೀ!" ಎಂದು ಕೂಗಿ ಸೂರಿನ ಕಡೆ ಕತ್ತೆತ್ತಿದಳು. ಅವಳ ಜೊತೆ ನಾನೂ ಮೇಲೆ ನೋಡಿದೆ.